ರೈಲಿಲ್ಲದ ಊರಿನ ಗೇಟು

ಹಿಮಾಲಯವನ್ನು ನನ್ನಷ್ಟು ಸಲ ಕಟ್ಟಿದವರು ಧಾರವಾಡದಲ್ಲಿ ಇನ್ನೊಬ್ಬರಿಲ್ಲ. ಭೂಗೋಳದ ಮಾಸ್ತರನಾದ ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಅದನ್ನು ಎಬ್ಬಿಸಿ ನಿಲ್ಲಿಸುತ್ತೇನೆ. ಗಂಟೆ ಹೊಡೆದ ಕೂಡಲೇ ಅರಿವೆಯಿಂದ ಒರೆಸಿಬಿಡುತ್ತೇನೆ. ಇಂಥ ಸೃಷ್ಟಿಕರ್ತ ತಾನು ಕಟ್ಟಿದ್ದನ್ನು ಒಮ್ಮೆಯೂ ಕಣ್ಣಾರೆ ನೋಡಿಲ್ಲವೆಂದರೆ ಲೋಕ ಏನೆಂದೀತು? ಸಾವಿರದ ಒಂಬೈನೂರ ಅರವತ್ತೊಂಬತ್ತರ ಬೇಸಿಗೆ ಸೂಟಿಯಲ್ಲಿ ಹಿಮಾಲಯಕ್ಕೆ ಹೋಗಿಯೇ ತೀರುವೆನೆಂದು ಶಪಥ ಮಾಡಿದೆ. ಅದೂ ಮುದುಕರ ಹಾಗೆ ಯಾತ್ರೆಯ ಬಸ್ಸಿನಲ್ಲಲ್ಲ, ಸ್ವಂತ ಮೋಟಾರಿನಲ್ಲಿ!

ಸ್ವಂತ ಎಂದರೆ ಗೆಳೆಯ ಯಾಕೂಬಸಾಬನ ಸ್ವಂತ. ಹುಬ್ಬಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವನು ಯಾರೋ ಗುತ್ತಿಗೆದಾರ ಕೈಬಿಟ್ಟ ಮೋಟಾರೊಂದನ್ನು ಕೊಂಡು, ಅದರ ಸೀಟುಗಳಿಗೆ ಕೋಟಿನ ಬಟ್ಟೆ ಹೊಲಿಸಿದ್ದ. ಮೋಟಾರು ಎಲ್ಲ ರೀತಿಯಿಂದಲೂ ಛಲೋ ಇತ್ತು. ರಿವರ್ಸ್ ಗೇರ್ ಒಂದು ಬೀಳುತ್ತಿರಲಿಲ್ಲ, ಅಷ್ಟೇ. ಹಿಂದೆ ಸರಿಸಬೇಕಾದಾಗ ಅಕ್ಕಪಕ್ಕದ ಅಂಗಡಿಯವರು ಬಂದು ದಬ್ಬುತ್ತಿದ್ದರು. ನಾನು ಆ ಮಾತು ಎತ್ತಿದ್ದಕ್ಕೆ ಯಾಕೂಬಸಾಬ, “ಹೊಂಟಿದ್ದು ಮುಂದ ಹೋಗಾಕ ಮಾಸ್ತರ, ಹಿಂದಿಂದ್ಯಾಕ ಚಿಂತಿ?” ಎಂದ. ನಮ್ಮ ಸಾಲೆಯ ಡ್ರಾಯಿಂಗ್ ಮಾಸ್ತರ ಅರ್ಜುನಪ್ಪ ಇದನ್ನು ಬಹಳ ಮೆಚ್ಚಿಕೊಂಡು ತಾನೂ ಬಣ್ಣದ ಪೆಟ್ಟಿಗೆಯ ಸಮೇತ ಹೊರಟ.

ಹೊರಡಲು ತಯಾರಾದ ಇನ್ನೊಬ್ಬಳೆಂದರೆ ನನ್ನ ಹೆಂಡತಿ ಶೇವಂತೆವ್ವ. ಮದುವೆಯಾದಾಗಿನಿಂದ ಬೆಳಗಾವಿಯ ಆಚೆ ಏನೂ ನೋಡಿಲ್ಲ, ಮೋಟಾರಿನಲ್ಲಿ ಒಂದು ಜಾಗ ಖಾಲಿಯೇ ಇದೆಯಲ್ಲ ಎಂದು ಅವಳ ವಾದ. ನಾನು ಕಾಡು, ಕರಡಿ, ಕಣಿವೆ, ಹಿಮಪಾತಗಳನ್ನೆಲ್ಲ ವಿಸ್ತಾರವಾಗಿ ವರ್ಣಿಸಿ ಕಡೆಗೆ ಹೇಳಿದೆ: “ಶೇವಂತಿ, ಅದು ಹೆಂಗಸರು ಬರೂ ಜಾಗ ಅಲ್ಲ.”

ಅವಳು ನನ್ನನ್ನೊಮ್ಮೆ ನೋಡಿ, “ಆತ್ರಿ. ನೀವು ಬರೂತನಕ ನಾ ಅಕ್ಕನ ಜೋಡಿ ಇರ್ತೇನಿ,” ಎಂದಳು. ಅಕ್ಕ ದುರಗವ್ವ ಶಿರಗುಪ್ಪಿಯಲ್ಲಿರುತ್ತಾಳೆ. ಇಷ್ಟು ಸುಲಭವಾಗಿ ಗೆದ್ದೆನಲ್ಲ ಎಂದು ನನಗೇ ಸೋಜಿಗವಾಯಿತು. ಅವಳು ತಾನೇ ಹೆಣೆದ ಕೆಂಪು ಮಂಕಿ ಟೋಪಿಯನ್ನು ನನ್ನ ಚೀಲದಲ್ಲಿ ತುರುಕಿದಳು. ಬೇಡವೆಂದರೂ ಕೇಳಲಿಲ್ಲ.

ದಾರಿಯುದ್ದಕ್ಕೂ ಮೋಟಾರು ಕೆಮ್ಮಿತು, ಕುಂಟಿತು, ಎರಡು ಕಡೆ ಮಲಗಿಯೂ ಬಿಟ್ಟಿತು. ಆದರೂ ಹರಿದ್ವಾರ ದಾಟಿ, ಬೆಟ್ಟ ಹತ್ತಿ, ಒಂದು ಮುಂಜಾನೆ ಜೋಶಿಮಠ ಮುಟ್ಟಿದೆವು. ಇನ್ನು ನಾವು ಹೊರಟಿದ್ದ ಬದರಿಗೆ ಅರ್ಧ ದಿನದ ದಾರಿ. ಎದುರಿಗೆ ಹಿಮದ ಶಿಖರಗಳು ಹೊಳೆಯುತ್ತಿದ್ದವು. ಹಲಗೆಯ ಮೇಲೆ ನಾನು ಬಿಡಿಸುತ್ತಿದ್ದುದೇ ಇನ್ನೂ ಸ್ವಲ್ಪ ಸರಿಯಾಗಿತ್ತು ಎಂದು ಅರ್ಜುನಪ್ಪನಿಗೆ ಹೇಳಿದೆ.

ಊರ ತುದಿಯಲ್ಲಿ ದಾರಿಗಡ್ಡ ಒಂದು ಗಳ ಹಾಕಿದ್ದರು. ಗೇಟು! ಅದರ ಮುಂದೆ ಬಸ್ಸು ಲಾರಿಗಳ ಸಾಲು ನಿಂತಿತ್ತು. ಡ್ರೈವರುಗಳು ಚಹಾ ಕುಡಿಯುತ್ತ ಕೂತಿದ್ದರು. ಗೇಟಿನ ವಿಷಯ ಧಾರವಾಡದ ನಮ್ಮ ಮಾಳಮಡ್ಡಿ ಓಣಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಗೂ ಪೇಟೆಗೂ ನಡುವೆ ಇರುವುದೇ ರೈಲ್ವೆ ಗೇಟು. ಅದು ಬಿದ್ದರೆ ನಾವು ಆಚೀಚೆ ನೋಡಿ, ಸೈಕಲ್ ವಾಲಿಸಿ, ಕೆಳಗಿನಿಂದ ನುಸುಳಿ ಹೋಗುವವರು. ಕಾದು ನಿಂತವನು ಪರಊರಿನವನೆಂದೇ ಲೆಕ್ಕ.

ಬಹಳ ಹೊತ್ತು ಕಾದೆವು. ಸಿಳ್ಳೆಯಿಲ್ಲ, ಹೊಗೆಯಿಲ್ಲ. ನನ್ನೊಳಗಿನ ಭೂಗೋಳ ಜಾಗೃತವಾಯಿತು. ಹೃಷಿಕೇಶದಿಂದೀಚೆಗೆ ರೈಲಿನ ಹಳಿಯೇ ಇಲ್ಲವೆಂದು ನಕಾಶೆಯ ಆಧಾರದ ಮೇಲೆ ಗೆಳೆಯರಿಗೆ ಸಿದ್ಧಮಾಡಿ ತೋರಿಸಿದೆ. “ರೈಲ ಇಲ್ಲದ ಊರಾಗ ಗೇಟ್ ಹಾಕಿ ಕುಂತಾರಲ್ಲೋ, ಎಂಥಾ ಮಂದಿ!” ಎಂದೆ. ಗೇಟ್‌ಮನ್ ನಿದ್ದೆ ಹೋಗಿರಬೇಕೆಂದು ಅರ್ಜುನಪ್ಪ ಅಭಿಪ್ರಾಯಪಟ್ಟ. ನಾನು ಇಳಿದು ಹೋಗಿ, ಎರಡೂ ಕೈಯಿಂದ ಗಳ ಎತ್ತಿ ಹಿಡಿದೆ. ಮೋಟಾರು ಠೀವಿಯಿಂದ ಪಾರಾಯಿತು. ಹಿಂದೆ ಡ್ರೈವರುಗಳು ಎದ್ದು ನಿಂತು ಹಿಂದಿಯಲ್ಲಿ ಏನೋ ಕೂಗಿದರು. ನಮ್ಮ ಧೈರ್ಯ ಮೆಚ್ಚಿದರೆಂದುಕೊಂಡು ನಾನು ಕೈ ಬೀಸಿದೆ.

ಮುಂದೆ ಕಡಿದಾದ ಇಳಿಜಾರು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಹೆಚ್ಚು ದೂರ ಹೋಗಿರಲಿಲ್ಲ, ತಿರುವಿನಲ್ಲಿ ಕೆಳಗಿನಿಂದ ಒಂದು ಬಸ್ಸಿನ ಮೂತಿ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಬಸ್ಸಿನವನು ಇಳಿದು ಬಂದು, ಹಣೆ ಬಡಿದುಕೊಂಡು ವಿವರಿಸಿದ: ದಾರಿ ಒಂದೇ ಬಂಡಿ ಹೋಗುವಷ್ಟು ಅಗಲ, ಕೆಳಗಿನವರು ಬಂದು ಮುಗಿಯುವ ತನಕ ಮೇಲಿನವರನ್ನು ಬಿಡಬಾರದೆಂದೇ ಆ ಗೇಟು. ಈಗ ಮೋಟಾರು ಹಿಂದಕ್ಕೆ ತೆಗೆಯಿರಿ.

ಯಾಕೂಬಸಾಬ ಅತ್ಯಂತ ವಿನಯದಿಂದ ಹಿಂದಿನ ಗೇರ್ ಇಲ್ಲವೆಂದ. ಬಸ್ಸಿನವನು ಮೊದಲು ನಕ್ಕ. ಆಮೇಲೆ ತಾನೇ ಹತ್ತಿ ಗೇರ್ ಎಳೆದು ನೋಡಿದ. ಆಮೇಲೆ ನಗಲಿಲ್ಲ. ನಾನು ಕಣಿವೆಗೆ ಬೆನ್ನು ಮಾಡಿ ಬಂಡೆಯ ಪಕ್ಕಕ್ಕೆ ಸರಿದೆ. ಖರೇ ಹೇಳುತ್ತೇನೆ, ಆಗ ನನಗೆ ಮನೆ ನೆನಪಾಯಿತು.

ಮನೆಯೇ ಬಸ್ಸಿನಿಂದ ಇಳಿದು ಬರುತ್ತಿತ್ತು. ಇಳಕಲ್ ಸೀರೆಯ ಹೆಂಗಸರ ತಂಡವೊಂದು ಒಬ್ಬೊಬ್ಬರಾಗಿ ಕೆಳಗಿಳಿಯಿತು. ಮುಂದೆ ದುರಗವ್ವ, ಅವಳ ಹಿಂದೆ, ಹಣೆಗೆ ಗಂಧ ಹಚ್ಚಿಕೊಂಡು, ಬದರಿಯ ದರ್ಶನ ಮುಗಿಸಿ ಬಂದ ಶೇವಂತೆವ್ವ. ನಾನು ಮಂಕಿ ಟೋಪಿಯನ್ನು ಗದ್ದದ ತನಕ ಎಳೆದುಕೊಂಡು ಬಂಡೆಯ ಕಡೆ ತಿರುಗಿ ನಿಂತೆ.

“ಟೋಪಿ ನಾನ ಹೆಣದದ್ದೈತಿ. ಮುಖ ಮುಚ್ಚಿಕೊಂಡ್ರ ಏನ್ ಬಂತ್ರಿ?” ಎಂದಳು.

“ನೀ ಶಿರಗುಪ್ಪ್ಯಾಗ ಇರ್ಬೇಕಿತ್ತಲ್ಲ?”

“ಅಕ್ಕನ ಜೋಡಿ ಇರ್ತೇನಿ ಅಂದಿದ್ದೆ. ಅಕ್ಕನ ಜೋಡಿನ ಅದೇನಿ. ಮ್ಯಾಲ ಗೇಟ್ ಹಾಕಿದ್ದಿಲ್ಲೇನು?”

“ಹಾಕಿದ್ರು. ರೈಲು ಬರೂದಿಲ್ಲಂತ...”

ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ, ಸೆರಗು ಸಿಗಿಸಿ ತಂಡದ ಕಡೆ ತಿರುಗಿ, ದಬ್ಬೋಣ ಬನ್ನಿ ಎಂದಳು. ನಾನೂ ಕೈ ಹಚ್ಚಲು ಹೋದೆ. “ನೀವು ಬ್ಯಾಡ. ಕಲ್ಲು ಹಿಡಕೊಂಡು ಬರ್ರಿ. ನಾವು ನಿಂತಲ್ಲೆ ಗಾಲಿ ಮುಂದ ಇಡ್ರಿ,” ಎಂದಳು.

ಹೀಗೆ ಹೆಂಗಸರು ಬರಬಾರದ ಜಾಗದಲ್ಲಿ ಹೆಂಗಸರು ಏದುಸಿರು ಬಿಡುತ್ತ ಮೋಟಾರನ್ನು ಹಿಂದಕ್ಕೆ ಏರಿಸಿದರು. ಈ ಮಹಾಯಾತ್ರೆಯ ನಾಯಕ ಒಂದು ಗುಂಡುಕಲ್ಲನ್ನು ಎದೆಗವಚಿಕೊಂಡು ಮುಂಗಾಲಿಯ ಬೆನ್ನು ಹತ್ತಿದ. ಗೇಟಿನಲ್ಲಿ ಕಾದಿದ್ದ ಪೊಲೀಸ, ಹಿಂದೆ ಸರಿಯಲಾರದ ಮೋಟಾರಿಗೆ ಮುಂದೆ ಹೋಗುವ ಅಪ್ಪಣೆಯಿಲ್ಲವೆಂದು ನಮ್ಮನ್ನು ವಾಪಸು ಕಳಿಸಿದ. ಬದರಿಯ ಪ್ರಸಾದ ನನಗೆ ಸಿಕ್ಕಿದ್ದು ಶೇವಂತೆವ್ವನ ಕೈಯಿಂದ.

ಊರಿಗೆ ಬಂದ ಮೇಲೆ ಒಂದು ಸಂಜೆ ಇಬ್ಬರೂ ಪೇಟೆಯಿಂದ ಕಾಯಿಪಲ್ಲೆ ತರುತ್ತಿದ್ದೆವು. ಮಾಳಮಡ್ಡಿಯ ಗೇಟು ಬಿತ್ತು. ರೈಲಿನ ಸುಳಿವಿರಲಿಲ್ಲ. ಎಲ್ಲರೂ ನುಸುಳಿದರು, ಶೇವಂತೆವ್ವನೂ ಚೀಲ ಹಿಡಿದು ಬಗ್ಗಿ ಆಚೆ ಹೋದಳು. ನನ್ನ ಕಾಲು ಮಾತ್ರ ಏಳಲಿಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಹಳಿ ಎರಡೂ ಕಡೆ ಖಾಲಿ. ಆದರೂ ಗೇಟು ತೆಗೆಯಲಿ ಎಂದು ಅಲ್ಲೇ ನಿಂತೆ.

ಆಚೆಯಿಂದ ಅವಳು ತಿರುಗಿ ನೋಡಿದಳು. ನಕ್ಕಳೋ ಇಲ್ಲವೋ ಕತ್ತಲಲ್ಲಿ ಕಾಣಲಿಲ್ಲ.

“ನೀವು ಅಲ್ಲೇ ನಿಂದರ್ರಿ,” ಎಂದಳು. “ಇದು ಗಂಡಸರು ಬರೂ ಜಾಗ ಅಲ್ಲ.”