ನಕ್ಷೆಯಣ್ಣನಿಗೆ ಸಾಫ್ಟ್‌ವೇರ್ ನೋಡಿದ್ದು

ಕೆಲವರ ಮನೆಗೆ ಬೆಕ್ಕು ತಾನಾಗಿ ಬಂದು ಸೇರಿಕೊಳ್ಳುತ್ತದೆ, ನನ್ನ ಹತ್ತಿರಕ್ಕೆ ಇಂಥ ಪ್ರಸಂಗಗಳು ಬರುತ್ತವೆ. ನಾನೇನೂ ಕರೆಯುವುದಿಲ್ಲ. ಬಂದದ್ದಕ್ಕೆ ಸ್ವಲ್ಪ ಹಾಲು ಹಾಕುತ್ತೇನೆ, ಅಷ್ಟೇ. ಮುಂದೆ ಹೇಳುವುದರಲ್ಲಿ ಹನ್ನೆರಡಾಣೆ ನಿಜ. ಉಳಿದ ನಾಲ್ಕಾಣೆ ಯಾವುದು ಅಂತ ಈಗ ನನಗೂ ನೆನಪಿಲ್ಲ.

ಒಂದು ಕಡೆ ಬೆಂದದ್ದು

ತೊಂಬತ್ತರ ದಶಕದ ಕೊನೆ. ಕೊಳ್ಳೇಗಾಲದಲ್ಲಿ ನಮ್ಮದು ಪ್ಯಾನೆಲ್ ಬೋರ್ಡ್ ಕಟ್ಟುವ ವರ್ಕ್‌ಶಾಪು. ಅಕ್ಕಿ ಗಿರಣಿಯಾಗಲಿ, ಆಲೆಮನೆಯಾಗಲಿ, ಮೋಟಾರು ತಿರುಗಬೇಕಾದರೆ ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ ಬೇಕು. ಪೆಟ್ಟಿಗೆಯೊಳಗೆ ಸ್ವಿಚ್ಚು, ವೈರು. ಬಾಗಿಲ ಒಳಮೈಗೆ ಯಾವ ವೈರು ಎಲ್ಲಿಗೆ ಹೋಗುತ್ತದೆಂದು ತೋರಿಸುವ ನಕ್ಷೆ. ನಾನು ಅಲ್ಲಿ ಸೂಪರ್‌ವೈಸರ್, ಅಂದರೆ ಬೇರೆಯವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಮಾತಾಡುವವನು.

ನಕ್ಷೆ ಬರೆಯುವವರನ್ನು ನಾವೆಲ್ಲ ನಕ್ಷೆಯಣ್ಣ ಅನ್ನುತ್ತಿದ್ದೆವು. ಟ್ರೇಸಿಂಗ್ ಪೇಪರು, ಇಂಕ್ ಪೆನ್ನು, ತಪ್ಪು ಕೆರೆಯಲು ಅರ್ಧ ಬ್ಲೇಡು, ಇಷ್ಟೇ ಅವರ ಆಸ್ತಿ. ಎಲ್ಲರೂ ನಕ್ಷೆಯನ್ನು ಮೇಲಿನ ಕರೆಂಟು ಲೈನಿಂದ ಶುರು ಮಾಡಿದರೆ ಇವರು ಕೆಳಗಿನ ಅರ್ತಿಂಗ್ ಗೆರೆಯಿಂದ. ಅದನ್ನು ಎಳೆದು, ಬೆರಳು ಮುಟ್ಟಿಸಿ, ಕಣ್ಣಿಗೊತ್ತಿಕೊಂಡ ಮೇಲೆಯೇ ಮಿಕ್ಕಿದ್ದು. "ಮೊದ್ಲು ಭೂಮ್ತಾಯಿ ಕಣ್ಲಾ. ಕರೆಂಟು ಆಮೇಕೆ ಬತ್ತದೆ."

ಅವರ ಕೋಣೆಯಲ್ಲಿ ಫ್ಯಾನ್ ಇತ್ತು, ತಿರುಗುತ್ತಿರಲಿಲ್ಲ. ಪೇಪರು ಹಾರುತ್ತದೆಂದು ಸ್ವಿಚ್ಚಿನ ಮೇಲೆ ಪ್ಲಾಸ್ಟರ್ ಅಂಟಿಸಿ, ಏಪ್ರಿಲ್ ತಿಂಗಳಲ್ಲೂ ಹೆಗಲ ಟವೆಲ್ಲಿನಲ್ಲಿ ಬೆವರು ಒರೆಸಿಕೊಂಡು ಬರೆಯುತ್ತಿದ್ದರು. ಒಂದು ದಿನ ನಾನು ಆ ಪ್ಲಾಸ್ಟರನ್ನು ಮೆಲ್ಲಗೆ ಕಿತ್ತು ಸ್ವಿಚ್ಚು ಒತ್ತಿದೆ. ವಿಜ್ಞಾನದ ಕುತೂಹಲ, ಬೇರೇನಿಲ್ಲ. ಮೂರು ದಿನದ ನಕ್ಷೆ ಕಿಟಕಿಯಿಂದ ಹಾರಿ ಪಕ್ಕದ ಹೋಟೆಲಿನ ಅಂಗಳಕ್ಕೆ ಇಳಿಯಿತು. ಅಲ್ಲಿ ಬಯಲಲ್ಲೇ ಕಾವಲಿ. ಐದು ನಿಮಿಷಕ್ಕೆ ಹೋಟೆಲಿನವನು ಕಿಟಕಿಯಲ್ಲಿ ತಲೆ ಹಾಕಿ ಕೇಳಿದ, "ಅಣ್ಣೋ, ನಿಮ್ ದೋಸೆ ಒಂದ್ ಕಡೆ ಬೆಂದದೆ. ತಿರುವಾಕ್ಲಾ?"

ಅಮಾವಾಸ್ಯೆ ಪರದೆ

ಮಾಂಬಳ್ಳಿ ಕಡೆಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ದೊಡ್ಡ ಪ್ಯಾನೆಲ್ಲಿಗೆ ಆರ್ಡರ್ ಕೊಡಲು ಬಂದರು. ಒಂದೇ ಷರತ್ತು. "ಸತ್ತೇಗಾಲದ ನಮ್ ಬೀಗರು ಗಿರಣೀಲಿ ಕಂಪ್ಯೂಟರ್ ನಕ್ಷೆ ಅಂಟ್ಸವ್ರೆ. ನಮಗೂ ಅದೇ ಬೇಕು. ಕೈಲಿ ಗೀಚಿದ್ದು ಬ್ಯಾಡ."

ನಮ್ಮ ಯಜಮಾನರು ಅದೇ ವಾರ ಕಂಪ್ಯೂಟರ್ ತಂದು ನಕ್ಷೆಯಣ್ಣನ ಕೋಣೆಯಲ್ಲೇ ಇಡಿಸಿದರು. "ಇದ್ರಲ್ಲಿ ನಕ್ಷೆ ಬರೆಯಾಕೆ ಸಾಫ್ಟ್‌ವೇರ್ ಬೇಕಂತೆ. ಎರಡು ನೋಡವ. ಒಂದು ಗೊತ್ತಾದ ದಿನ ಈ ಮೇಜು ಗುಜರಿಗೆ."

"ಮತ್ತೆ ನಾನು, ಸಾ?" ಅಂದರು ನಕ್ಷೆಯಣ್ಣ.

"ನೋಡವ" ಅಂದು ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೋದರು.

ನಕ್ಷೆಯಣ್ಣ ಬ್ಲೇಡನ್ನು ಕಾಗದದಲ್ಲಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. "ಇಪ್ಪತ್ತೆರಡು ವರ್ಸ ಕಣ್ಲಾ. ಮೇಜು ಓದ್ರೆ ನಾನೇನು ನಿನ್ನಂಗೆ ನಿಂತ್ಕಂಡು ಮಾತಾಡ್ಲಾ?"

ಬೈಗುಳ ನನಗೆ ತಾಗಲಿಲ್ಲ, ದನಿ ತಾಗಿತು. ಸಹಾಯ ಮಾಡಲೇಬೇಕು ಅನ್ನಿಸಿತು. ಮೊದಲ ಸಾಫ್ಟ್‌ವೇರ್ ಮಾರಲು ಮೈಸೂರಿನಿಂದ ಟೈ ಕಟ್ಟಿದವನೊಬ್ಬ ಬರುವವನಿದ್ದ. ಅವನಿಗೆ ಸಮಯ ಗೊತ್ತು ಮಾಡುವ ಜವಾಬ್ದಾರಿ ನನ್ನದು. ಲೋಡ್ ಶೆಡ್ಡಿಂಗ್ ಎಷ್ಟು ಹೊತ್ತಿಗೆ ಅಂತ ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವನು ಲೈನ್‌ಮನ್ ಒಬ್ಬನೇ, ಅವನು ನನ್ನ ಬಾಮೈದ. ಹನ್ನೊಂದಕ್ಕೆ ಕಾಲು ಗಂಟೆ ಇರುವಾಗ ಬನ್ನಿ ಅಂದೆ.

ಬಂದ. ಪರದೆ ತುಂಬ ಕಪ್ಪು, ಅದರ ಮೇಲೆ ಕೂದಲೆಳೆಯಂಥ ಹಳದಿ ಗೆರೆ.

"ಇದೇನ್ರೀ, ಅಮಾಸೆ ಇದ್ದಂಗದೆ?" ಅಂದರು ಯಜಮಾನರು.

"ಸರ್, ಪ್ರೊಫೆಷನಲ್ ಸಾಫ್ಟ್‌ವೇರ್ ಅಂದ್ರೆ ಕಪ್ಪೇ ಇರುತ್ತೆ."

ಅವನು ಟಕಟಕ ಅಂತ ಹತ್ತು ನಿಮಿಷದಲ್ಲಿ ಅರ್ಧ ನಕ್ಷೆ ಎಳೆದುಬಿಟ್ಟ. ನಕ್ಷೆಯಣ್ಣನ ಮುಖ ಬಾಡಿತು. ಅಷ್ಟರಲ್ಲಿ ಹನ್ನೊಂದು ಹೊಡೆಯಿತು, ಕರೆಂಟು ಹೋಯಿತು. ಟೈ ಸಾಹೇಬ "ಅಯ್ಯೋ, ಸೇವ್ ಮಾಡಿರಲಿಲ್ಲ!" ಅಂತ ತಲೆ ಮೇಲೆ ಕೈ ಹೊತ್ತುಕೊಂಡ. ನಮ್ಮ ಯಜಮಾನರಿಗೆ ಕರೆಂಟು ಹೋದದ್ದೇ ತಿಳಿದಿಲ್ಲ. ಕಗ್ಗತ್ತಲ ಪರದೆಗೆ ಕಣ್ಣು ಕಿರಿದು ಮಾಡಿ, ತಲೆದೂಗಿ ಅಂದರು, "ಈಗ ಇನ್ನೂ ಪ್ರೊಫೆಷನಲ್ ಆಯ್ತಲ್ವಾ?"

ಎರಡು ನಿಂತ ಗೆರೆ

ಎರಡನೆಯ ಸಾಫ್ಟ್‌ವೇರ್ ತಂದವರು ಯಳಂದೂರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮೇಡಂ. ಅವರು ನನ್ನಂಥವರನ್ನು ದಿನಕ್ಕೆ ನಲವತ್ತು ಜನ ಕಂಡವರು. ಹನ್ನೊಂದಕ್ಕೆ ಮುಂಚೆ ಬನ್ನಿ ಅಂದರೆ, "ಕರೆಂಟ್ ಎಷ್ಟೊತ್ತಿಗೆ ಬರುತ್ತೆ ಹೇಳಿ, ಆಗ ಬರ್ತೀನಿ" ಅಂದರು.

ಇದರ ಪರದೆ ಬೆಳ್ಳಗೆ, ಗಂಜಿ ಹಾಕಿದ ಪಂಚೆಯ ಹಾಗೆ. ಸ್ವಿಚ್ಚು, ಮೋಟಾರು, ಎಲ್ಲದರ ಗುರುತುಗಳು ಮೊದಲೇ ಒಳಗೆ ಇರುತ್ತವೆ, ಎತ್ತಿ ಇಟ್ಟರಾಯಿತು. ಮೇಡಂ ಒಂದು ಚಿಕ್ಕ ನಕ್ಷೆ ಮಾಡಿ, ಬಿಲ್ ಹೊಡೆಯುವ ನಮ್ಮ ಪುಟ್ಟ ಪ್ರಿಂಟರಿನಲ್ಲಿ ತೆಗೆದು ಕೊಟ್ಟರು. ಯಜಮಾನರು ಖುಷಿಯಲ್ಲಿ ಅದನ್ನು ನಮ್ಮಲ್ಲಿದ್ದ ಹನೂರಿನ ವೈರ್‌ಮನ್ ಕೈಗೆ ಹಾಕಿ, "ಇದರಂಗೇ ಕಟ್ಟು" ಅಂದರು.

ಆ ವೈರ್‌ಮನ್ ಬಲು ನಿಯತ್ತಿನ ಮನುಷ್ಯ. ನಕ್ಷೆಯಲ್ಲಿ ನೊಣ ಕೂತಿದ್ದರೆ ಪ್ಯಾನೆಲ್ಲಿನಲ್ಲೂ ಒಂದು ನೊಣ ಹಿಡಿದು ಕೂರಿಸುವವನು. ಒಣ್ಣು, ರೆಂಡು, ಮೂಣು ಅಂತ ತಮಿಳಿನಲ್ಲಿ ಏನನ್ನೋ ಎಣಿಸಿಕೊಂಡು ಪೇಟೆಗೆ ಹೋದವನು ಸಂಜೆ ಬೆವರಿಳಿಸಿಕೊಂಡು ಬಂದ. ಬಗಲಲ್ಲಿ ಎರಡು ಚೀಲ.

"ಸಾ, ಕೊಳ್ಳೇಗಾಲದ ಅಂಗ್ಡಿ ಅಂಗ್ಡೀಲೂ ಕೆಪಾಸಿಟರ್ ಖಾಲಿ. ಇನ್ನೂ ನಾಕು ಬೇಕು."

ನಕ್ಷೆಯಣ್ಣ ನಕ್ಷೆ ಇಸಿದುಕೊಂಡು ನೋಡಿದರು. ತಿಂಗಳಲ್ಲಿ ಮೊದಲ ಸಲ ನಕ್ಕರು. ವಿಷಯ ಇಷ್ಟೇ: ಆ ಸಾಫ್ಟ್‌ವೇರ್ ಅಮೆರಿಕದ್ದು. ಎದುರುಬದುರು ನಿಂತ ಎರಡು ಗೆರೆ ಅಂದರೆ ಅವರಿಗೆ ಸ್ವಿಚ್ಚಿನ ಕಾಂಟ್ಯಾಕ್ಟು. ನಮ್ಮ ಕಡೆ ಅದು ಕೆಪಾಸಿಟರ್, ಅಂದರೆ ಕರೆಂಟು ಕೂಡಿಟ್ಟುಕೊಳ್ಳುವ ಡಬ್ಬಿ. "ಮೇಡಂ, ಇದ್ನ ಇಂಗೇ ಕಟ್ಟಿದ್ರೆ ಮೋಟಾರು ತಿರುಗಾಕಿಲ್ಲ, ಸಾಹುಕಾರ್ರ ತಲೆ ತಿರುಗ್ತದೆ."

ಮೇಡಂ ಮುಖ ಕೆಂಪಗಾಯಿತು, ಆದರೆ ಜಂಬದ ಹೆಂಗಸಲ್ಲ. "ಅಣ್ಣ, ನೀವು ಪಕ್ಕ ಕೂತು ಹೇಳಿ, ನಾನು ಗುರುತೆಲ್ಲ ಬದಲಾಯಿಸ್ತೀನಿ" ಅಂದರು. ಎರಡು ದಿನ ನಕ್ಷೆಯಣ್ಣ ಹೇಳಿದರು, ಮೇಡಂ ಒತ್ತಿದರು. ಮೌಸ್ ಹಿಡಿಯಿರಿ ಅಂದರೆ ಮಾತ್ರ ನಕ್ಷೆಯಣ್ಣ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಕೂದಲೆಳೆ ಗೆರೆ ಎಳೆಯುವ ಕೈಗೆ ಅದು ಒಗ್ಗಲಿಲ್ಲ.

ಈ ನಡುವೆ ವೈರ್‌ಮನ್ ಬಾಗಿಲಲ್ಲೇ ನಿಂತಿದ್ದ. "ಅದೆಲ್ಲ ಸರಿ ಸಾ. ಮಿಕ್ಕ ನಾಕಕ್ಕೆ ಮೈಸೂರಿಗೆ ಓಗ್ಲಾ, ಬ್ಯಾಡ್ವಾ?"

ಶುಕ್ರವಾರ

ಯಜಮಾನರು ಗಡುವು ಕೊಟ್ಟರು. "ಎರಡೂ ಸಾಫ್ಟ್‌ವೇರ್ ಕಂಪ್ಯೂಟರಲ್ಲಿ ಅವೆ. ಶುಕ್ರವಾರ ಸಾಹುಕಾರ್ರು ಬತ್ತಾರೆ. ಅಷ್ಟೊತ್ಗೆ ಒಂದು ಆರಿಸಿ ನಕ್ಷೆ ಕೈಗಿಡಿ. ಮೇಜಿಗೆ ಗುಜರಿಯವನ ಗಾಡೀನೂ ಅವತ್ತೇ ಬಾಗ್ಲಲ್ಲಿ ನಿಂತಿರ್ತದೆ."

ಗುರುವಾರ ಮೇಡಂ ಪೂರ್ತಿ ನಕ್ಷೆ ಸಿದ್ಧ ಮಾಡಿ ಎರಡೂ ಸಾಫ್ಟ್‌ವೇರಿನಲ್ಲಿ ತುಂಬಿಸಿ ಕೊಟ್ಟರು. ಆಗ ಬಯಲಾದ ಸಂಗತಿ: ನಮ್ಮ ಪುಟ್ಟ ಪ್ರಿಂಟರಿಗೆ ಅಂಗೈ ಅಗಲಕ್ಕಿಂತ ದೊಡ್ಡದು ಬಾರದು. ಸಾಹುಕಾರರಿಗೆ ಪೆಟ್ಟಿಗೆಯ ಬಾಗಿಲಷ್ಟು ನಕ್ಷೆ ಬೇಕು.

"ಅದಕ್ಕೆ ಪ್ಲಾಟರ್ ಬೇಕು ಸರ್" ಅಂದರು ಮೇಡಂ. "ದೊಡ್ಡ ಹಾಳೆ ಮೇಲೆ ಪೆನ್ ಹಿಡಿದು ತಾನೇ ಗೆರೆ ಎಳೆಯೋ ಯಂತ್ರ." ಬೆಲೆ ಹೇಳಿದರು. ಯಜಮಾನರು ಎರಡು ಲೋಟ ನೀರು ಕುಡಿದರು.

ಶುಕ್ರವಾರ ಬೆಳಿಗ್ಗೆ ಕೋಣೆಯಲ್ಲಿ ನಾವಿಬ್ಬರೇ. ಹೊರಗೆ ಗುಜರಿ ಗಾಡಿ. ನಕ್ಷೆಯಣ್ಣ ಟ್ರೇಸಿಂಗ್ ಪೇಪರನ್ನು ಎತ್ತಿ ಕಂಪ್ಯೂಟರಿನ ಗಾಜಿಗೆ ಹಿಡಿದರು. ಕಪ್ಪು ಪರದೆ: ಏನೂ ಕಾಣಲಿಲ್ಲ. "ಇನ್ನೊಂದ್ನ ಆಕ್ಲಾ" ಅಂದರು. ಬಿಳಿ ಪರದೆ ಬಂತು. ಪೇಪರಿನೊಳಗೆ ಗೆರೆಗಳೆಲ್ಲ ದೀಪ ಹಚ್ಚಿದ ಹಾಗೆ ಹೊಳೆದವು. ಆ ಐಡಿಯಾ ನನ್ನದು ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ, ಅವರು ಅಲ್ಲ ಅನ್ನುತ್ತಾರೆ. ನೀವೇ ತೀರ್ಮಾನಿಸಿ.

ನಾಲ್ಕು ಮೂಲೆಗೂ ಪ್ಲಾಸ್ಟರ್ ಅಂಟಿಸಿ ಪೆನ್ ಬಿಚ್ಚಿದರು. "ಕೆಳೀಕ್ ತಳ್ಳು ಕಣ್ಲಾ. ಮೊದ್ಲು ಭೂಮ್ತಾಯಿ." ನಾನು ಮೌಸಲ್ಲಿ ಚಿತ್ರ ಸರಿಸುವುದು, ಅವರು ಪೇಪರು ಸರಿಸಿ ಅಂಟಿಸಿ ಎಳೆಯುವುದು. ತುಂಡು ತುಂಡಾಗಿ ಇಡೀ ನಕ್ಷೆ ಹಾಳೆಗೆ ಇಳಿಯಿತು. ಒಂದು ಗೆರೆಗೂ ಬ್ಲೇಡು ಬೇಕಾಗಲಿಲ್ಲ. ಪೇಪರು ಗಾಜಿಗೆ ಅಂಟಿತ್ತಲ್ಲ, ನಾನು ಧೈರ್ಯ ಮಾಡಿ ಫ್ಯಾನ್ ಹಾಕಿದೆ. ಆ ದೋಸೆಯ ದಿನ ಬಿಟ್ಟರೆ, ಇಪ್ಪತ್ತೆರಡು ವರ್ಷದ ಮೇಲೆ ಅವರ ತಲೆಗೂದಲು ಅಲುಗಾಡಿದ್ದನ್ನು ನಾನು ಕಣ್ಣಾರೆ ಕಂಡೆ.

ಸಾಹುಕಾರರು ಬಂದು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದರು. "ನೋಡಿ ಯಜಮಾನ್ರೇ, ಕಂಪ್ಯೂಟರ್ ಅಂದ್ರೆ ಇದು! ಮನುಸ್ಯನ ಕೈಲಿ ಇಂತಾ ಗೆರೆ ಬರಾಕಾಯ್ತದ? ನಮ್ ಬೀಗರ್ದು ಇದರ ಮುಂದೆ ಏನೂ ಅಲ್ಲ."

ನಕ್ಷೆಯಣ್ಣ ಇಂಕು ಅಂಟಿದ ಬೆರಳನ್ನು ಟವೆಲ್ಲಿನೊಳಗೆ ಬಚ್ಚಿಟ್ಟುಕೊಂಡು ತಲೆ ತಗ್ಗಿಸಿದರು.

ಯಜಮಾನರು ಗಾಜಿನ ಮೇಲಿನ ಪ್ಲಾಸ್ಟರ್ ನೋಡಿದರು, ಬೆರಳು ನೋಡಿದರು. "ಯಾವ್ದು ಆರಿಸ್ದೆ?"

"ಮೇಡಂ ತಂದಿದ್ದು, ಸಾ. ಬೆಳಕು ಚೆನ್ನಾಗದೆ."

ಗುಜರಿ ಗಾಡಿ ಖಾಲಿಯೇ ಹೋಯಿತು. ಮುಂದಿನ ವಾರ ಪ್ಲಾಟರ್ ಮಾರುವವನು ಮೈಸೂರಿನಿಂದ ಫೋನ್ ಮಾಡಿದ. "ಸರ್, ನಿಮ್ಮ ಹತ್ರ ಈಗ ಯಾವ ಪ್ಲಾಟರ್ ಇದೆ?"

ನಮ್ಮ ಯಜಮಾನರು ಕೋಣೆ ಕಡೆ ಒಮ್ಮೆ ತಿರುಗಿ ನೋಡಿ ಅಂದರು, "ಹಳೇದೊಂದದೆ. ರಿಪೇರಿ ಅಂತ ಒಂದಿನ ಕೇಳಿದ್ದಿಲ್ಲ. ಮಧ್ಯಾನ ಎರಡು ಮುದ್ದೆ ಹಾಕ್ಬೇಕು, ಅಷ್ಟೇಯ."