ಮೇಜಿನ ಮೇಲೆ ಕೊನೆಗುಳಿದ ನೌಕೆಗೆ

ಮಾನ್ಯ ಅಂತರಿಕ್ಷ ನೌಕೆ ‘ವಿಷಾದಿನಿ’ಯವರೇ,

ತಾವು ಈಗ ಯಾವ ನಕ್ಷತ್ರದ ಆಚೆ ಯಾವ ಚಿಂತೆಯಲ್ಲಿ ತೇಲುತ್ತಿದ್ದೀರೋ ತಿಳಿಯದು. ಎಲ್ಲಿದ್ದರೂ ತಮ್ಮ ಇಂಧನಕ್ಕೂ ಕಣ್ಣೀರಿಗೂ ಕೊರತೆಯಾಗದಿರಲಿ ಎಂದು ಚೆಂಗ್ಡುವಿನ ಚಹಾದಂಗಡಿಯೊಂದರ ಬಿದಿರು ಕುರ್ಚಿಯಿಂದ ಹಾರೈಸುತ್ತ, ತಾವು ನಾಯಕಿಯಾಗಿರುವ ಕಿರುಕಾದಂಬರಿಗೆ ನಮ್ಮ ವಿಜ್ಞಾನಕಥಾ ಬಳಗದ ಈ ವರ್ಷದ ಬಹುಮಾನ ಬಂದದ್ದಕ್ಕೆ ಅಭಿನಂದಿಸುತ್ತ, ಆ ಬಹುಮಾನ ಕೊಟ್ಟ ನಾಲ್ವರು ತೀರ್ಪುಗಾರರಲ್ಲಿ ಒಬ್ಬನಾದ ನಾನು ತಮ್ಮ ಮೇಲಿನ ದೂರೊಂದನ್ನು ತಮಗೇ ಸಲ್ಲಿಸುತ್ತಿದ್ದೇನೆ.

ಮೊದಲು ಹೊಗಳಿಕೆ. ಈಚಿನ ಕಿರುಕಾದಂಬರಿಗಳಲ್ಲಿ ನೌಕೆಗಳು ಹಾರುವುದು ಕಡಿಮೆ, ಹಲುಬುವುದು ಹೆಚ್ಚು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ತಾವು ಎಂಜಿನ್ ಚಾಲೂ ಮಾಡುವ ಮೊದಲೇ ಬಾಲ್ಯವನ್ನು ನೆನೆದ ರೀತಿ ಅಪೂರ್ವ; ಕಾರ್ಖಾನೆಯಲ್ಲಿ ಹುಟ್ಟಿದವರಿಗೆ ಅಷ್ಟು ಉದ್ದನೆಯ ಬಾಲ್ಯವಿರುತ್ತದೆಂದು ನಾನು ಎಣಿಸಿರಲಿಲ್ಲ. ಎದುರಿಗೆ ಬಂಡೆಯೊಂದು ತೇಲಿಬಂದರೆ ಪಕ್ಕಕ್ಕೆ ಸರಿಯುವ ಬದಲು ಅದರ ಒಂಟಿತನಕ್ಕೆ ಮರುಗಿದಿರಿ. ಡಿಕ್ಕಿಯಾದ ಮೇಲೆ ಕಾಲವನ್ನು ಹಿಂದಕ್ಕೆ ತಿರುಗಿಸಿ ಅದೇ ಬಂಡೆಗೆ ಇನ್ನೊಮ್ಮೆ ಮರುಗಿದಿರಿ. ಮುಂದೆ ಹೋಗದ ನೌಕೆ, ಹಿಂದೆ ಹೋಗುವ ಕಾಲ. ನಡುವೆ ಸಿಕ್ಕ ಓದುಗನಿಗೆ ಹೋದ ಜನ್ಮದ ಸಾಲ. ಅರ್ಧಕ್ಕೆ ಬಂದವನು ನಾನೂ ತಮ್ಮಂತೆಯೇ ನಿಂತುಬಿಟ್ಟೆ.

ಹಾಗಿದ್ದೂ ತಾವು ಗೆದ್ದದ್ದು ಹೇಗೆ ಎಂದು ತಾವೇ ಕೇಳಬಹುದು, ಕೇಳಿ ಒಂದು ಅಧ್ಯಾಯ ಅಳಬಹುದು. ಬಳಗದ ನಿಯಮ ಸರಳ: ನಾಲ್ಕು ಹಸ್ತಪ್ರತಿ ಮೇಜಿನ ಮೇಲಿಟ್ಟು ಸುತ್ತಿಗೊಂದರಂತೆ ಕಳಪೆಯದನ್ನು ಎತ್ತಿಡುವುದು, ಕೊನೆಗುಳಿದದ್ದಕ್ಕೆ ಬಹುಮಾನ. ಆದರೆ ಅದು ನಾವು ನಾಲ್ವರೂ ಪ್ರತಿ ಶನಿವಾರ ಮಾಜಾಂಗ್ ಬಿಲ್ಲೆ ಆಡುವ ಮೇಜು. ನಮ್ಮೂರಿನ ಮಾಜಾಂಗ್ ಆಟದಲ್ಲಿ ಒಬ್ಬ ಗೆದ್ದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ. ಗೆದ್ದವರು ಒಬ್ಬೊಬ್ಬರಾಗಿ ಹೊರಗೆ ಸರಿಯುತ್ತಾರೆ, ಮೇಜಿಗೆ ಅಂಟಿಕೊಂಡು ಕೊನೆಗೆ ಉಳಿದವನೇ ಸೋತವನು. ಚರ್ಚೆ ಶುರುವಾದದ್ದೇ ನಮ್ಮ ಅಧ್ಯಕ್ಷೆ ಗಾನ್ ಅತ್ತೆಯವರು ‘ಉಪ್ಪಿನಕಾಯಿ ಜಾಡಿ’ ಎಂಬ ಕೃತಿಯನ್ನು ಎತ್ತಿಕೊಂಡು, “ಇದು ಗೆದ್ದಾಯ್ತು, ಏಳ್ಲಿ ಪಾಪ, ಕೂತೂ ಕೂತೂ ಸೊಂಟ ಹಿಡೀತದೆ” ಎಂದು ಪಕ್ಕದ ಸ್ಟೂಲಿನ ಮೇಲಿಟ್ಟರು. ಕಡಲೆಕಾಯಿ ಸುಲಿಯುತ್ತಿದ್ದ ಪೆಂಗ್ ಮಾಮ “ಹೌದೌದು, ಮುಂದಿಂದು” ಎಂದರು. ನಾವೂ ಶನಿವಾರದ ಆಟದ ಗುಂಗಿನಲ್ಲೇ ತಲೆಯಾಡಿಸಿದೆವು. ಒಳ್ಳೆಯವು ಒಂದೊಂದಾಗಿ ಎದ್ದು ಹೋದವು. ಯಾರಿಗೂ ಬೇಡವಾದ ತಾವು ಉಳಿದಿರಿ. ಬಳಗದ ಗುಮಾಸ್ತ ಬಂದು ಮೇಜಿನ ಮೇಲಿದ್ದದ್ದನ್ನು ಎತ್ತಿಕೊಂಡು ಹೋಗಿ ಊರಿಗೆಲ್ಲ ಸಾರಿದ.

ಇದರಲ್ಲಿ ತಮ್ಮ ತಪ್ಪೇನು ಎನ್ನುವಿರಾ? ಉಳಿದದ್ದೇ ತಪ್ಪು. ಬಹುಮಾನವೆಂದರೆ ಕೃತಿ ಪುಸ್ತಕವಾಗಿ ಅಂಗಡಿಗಳಿಗೆ ಹೋಗುವುದು. ‘ಜಾಡಿ’ಯನ್ನು ಬರೆದ ರಾನ್ ಸುಚಿನ್ ಎಂಬಾಕೆ ಆಸ್ಪತ್ರೆಯೊಂದರ ನರ್ಸು, ಆಕೆಯ ಹಸ್ತಪ್ರತಿಯನ್ನು ಇದುವರೆಗೆ ಯಾವ ಪ್ರಕಾಶಕನೂ ತಿರುವಿ ನೋಡಿಲ್ಲ. ತೀರಿಹೋದ ಅಜ್ಜಿಯ ಬೈಗುಳವೆಲ್ಲ ಜಾಡಿಯೊಳಗೆ ಹುಳಿಯಾಗಿ, ಮುಚ್ಚಳ ತೆಗೆದಾಗೊಮ್ಮೆ ಒಂದೊಂದೇ ಹೊರಬರುವ ಆ ಕಥೆಯನ್ನು ಓದುತ್ತ ನಾನು ಮೆಟ್ರೋದಲ್ಲಿ ನಕ್ಕು, ಅತ್ತು, ಇಳಿಯಬೇಕಾದ ನಿಲ್ದಾಣ ಬಿಟ್ಟು, ಊರಾಚೆ ತಲುಪಿದ್ದೆ. ಭಾನುವಾರದ ಸಮಾರಂಭದಲ್ಲಿ ಆಕೆ ಮುಂದಿನ ಸಾಲಿನಲ್ಲಿ ಕೂತಿರುವಾಗ ನಾನು ನಿಂತು ತಮ್ಮ ಗುಣಗಾನ ಮಾಡಬೇಕಂತೆ. “ಪ್ರಾಸ ಹಾಕಿ ಮಾತಾಡೋನು ನೀನೊಬ್ನೇ ಕಣಪ್ಪ, ಕತ್ತೆನೂ ಕುದುರೆ ಥರ ಕಾಣ್ಸೋಹಾಗೆ ಹೇಳ್ಬಿಡು” ಎಂದು ಗಾನ್ ಅತ್ತೆ ಆ ಭಾರವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಸಣ್ಣದು. ಬಂಡೆಗಾಗಿ ತಿರುಗಿಸಿದ ಕಾಲವನ್ನು ನಮಗಾಗಿಯೂ ಒಮ್ಮೆ ತಿರುಗಿಸಿ. ಇಡೀ ಬ್ರಹ್ಮಾಂಡ ಬೇಡ, ನಮ್ಮ ಒಂದು ಮೇಜು ಸಾಕು. ಗಾನ್ ಅತ್ತೆ ಸ್ಟೂಲಿನ ಕಡೆ ತಿರುಗುವ ಮುಂಚಿನ ಗಳಿಗೆಗೆ ತಂದು ನಿಲ್ಲಿಸಿದರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಪೆಂಗ್ ಮಾಮ ತಿಂದ ಕಡಲೆಕಾಯಿ ಮತ್ತೆ ಸಿಪ್ಪೆಯೊಳಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ, ಅವರು ಸಹಿಸುವುದಿಲ್ಲ. ಅದಾಗದಿದ್ದರೆ ತಾವೇ ಬಹುಮಾನವನ್ನು ನಿರಾಕರಿಸಬಹುದು; ಹೇಗೂ ಸಂತೋಷ ತಮ್ಮ ಪ್ರಕೃತಿಗೆ ಆಗಿಬರುವುದಿಲ್ಲ. ಅದೂ ಆಗದಿದ್ದರೆ ಭಾನುವಾರ ಸಭಾಂಗಣದ ಚಾವಣಿಯ ಮೇಲೆ ಮೆಲ್ಲಗೆ ಇಳಿದು ನಾಲ್ಕು ಮಾತು ತಾವೇ ಆಡಿ. ಸಭಿಕರು ಊಟಕ್ಕೆ ಎದ್ದು ಹೋಗುವರು, ನನ್ನ ಭಾಷಣ ತಾನಾಗಿ ರದ್ದಾಗುವುದು.

ತಮ್ಮ ದುಃಖಕ್ಕೆ ಭಂಗ ತಂದಿದ್ದರೆ ಕ್ಷಮೆಯಿರಲಿ.

ಅರ್ಧ ಕಥೆಯವರೆಗೆ ತಮ್ಮ ವಿಶ್ವಾಸಿ,
ಯಾನ್ ಬೋಲಿನ್

ತಾ.ಕ.: ಕಾಲವನ್ನು ತಿರುಗಿಸುವ ಶ್ರಮ ಇನ್ನು ಬೇಡ. ನನ್ನ ಕಾಟ ತಾಳಲಾರದೆ ಬಳಗದವರು ಇವತ್ತು ಬೆಳಿಗ್ಗೆ ಮರುಪರಿಶೀಲನೆಗೆ ಒಪ್ಪಿದರು. ಈ ಸಲ ಎಲ್ಲ ಕ್ರಮಬದ್ಧ: ಕಳಪೆಯದನ್ನೇ ತೆಗೆಯುವುದು, ಅದೂ ಕೊನೆಯ ಪುಟದವರೆಗೆ ಓದಿದವರು ಮಾತ್ರ ತೆಗೆಯುವುದು. ಗಾನ್ ಅತ್ತೆ ಮೊದಲ ಸುತ್ತಿನಲ್ಲೇ ‘ಜಾಡಿ’ಯನ್ನು ಎತ್ತಿದರು: “ಕಥೆ ಚೆನ್ನಾಗಿದೆ ಕಣೋ, ಆದ್ರೆ ಕೊನೇಲಿ ಆ ಹುಡುಗಿ ಎಣ್ಣೆ ಕೈನ ಉಪ್ಪುನೀರಿನ ಜಾಡಿಗೆ ಹಾಕ್ತಾಳೆ. ಬೂಸ್ಟು ಬರಲ್ವಾ? ಅಜ್ಜಿ ಬಾಯಿ ಮುಚ್ಕೊಂಡಿರ್ತಿದ್ಲಾ?” ನಾನು ಬಾಯಿ ತೆರೆಯುವಷ್ಟರಲ್ಲಿ, ಮೆಟ್ರೋ ರೈಲು ಹಳೆಯ ಅರಸರ ಕಾಲಕ್ಕೆ ಹೋಗುವ ಕಥೆಯನ್ನು ಪೆಂಗ್ ಮಾಮ ತೆಗೆದಿಟ್ಟರು: “ಆ ಸ್ಟೇಷನ್ನಲ್ಲಿ ಎಡಗಡೆ ಬಾಗ್ಲು ತೆಗಿಯಲ್ಲ. ದಿನಾ ಹೋಗ್ತೀನಿ, ನಂಗೊತ್ತಿಲ್ವಾ?” ವಿಮೆ ಮಾರುವ ನರಿಯ ಕಥೆಯನ್ನು ಕೌ ಮೇಡಂ, ಅಂದರೆ ನಮ್ಮ ನಾಲ್ಕನೆಯ ತೀರ್ಪುಗಾರ್ತಿ, ತೆಗೆದರು: “ನಮ್ಮನೆಗೆ ಬರೋ ಏಜೆಂಟು ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳ್ತಾನೆ.” ನನ್ನ ಸರದಿ ಬರಲೇ ಇಲ್ಲ. ತಮ್ಮಲ್ಲಿ ಒಂದು ದೋಷವನ್ನಾದರೂ ಹುಡುಕಲು ತಮ್ಮನ್ನು ಕೊನೆಯವರೆಗೆ ಓದಿದವರು ಒಬ್ಬರೂ ಇರದ ಕಾರಣ, ನಿರ್ದೋಷಿಯಾಗಿ ಮತ್ತೆ ತಾವೇ ಗೆದ್ದಿದ್ದೀರಿ. ಭಾಷಣ ಬರೆಯಲು ಕೂತಿದ್ದೇನೆ. ತಾವು ಕೊನೆಗೆ ಎಲ್ಲಿಗಾದರೂ ಹೋಗಿ ಮುಟ್ಟುತ್ತೀರೋ ಇಲ್ಲವೋ, ದಯವಿಟ್ಟು ಭಾನುವಾರದೊಳಗೆ ಒಂದು ಸಾಲು ತಿಳಿಸಿ.