ವಾಟಿ ಪ್ರಿಂಗಲ್ ಮಾರಾಟಕ್ಕಿಲ್ಲ

ವಾಟಿ ಪ್ರಿಂಗಲ್ ಮಾಡಿದ ತಪ್ಪು ಇಷ್ಟೇ: ಬೆಳಿಗ್ಗೆ ಮಳೆಯಲ್ಲಿ ದಾರಿ ಕೇಳಲು ಬಂದ ಅಪರಿಚಿತನನ್ನು ಒಳಗೆ ಕರೆದು ಚಹಾ ಕೊಟ್ಟ. ಅಪರಿಚಿತನ ಮಾತು ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯದು. ಅಲ್ಲಿ ಸಂಬಳ ಕೊಟ್ಟು ರಗ್ಬಿ ಆಡಿಸುತ್ತಾರೆ. ಸ್ಕಾಟ್ಲೆಂಡಿನ ಗಡಿ ಊರುಗಳಲ್ಲಾದರೋ ಆಟಕ್ಕೆ ಸಂಬಳ ಮುಟ್ಟಿದವನನ್ನು ಸಾಯುವವರೆಗೂ ಮೈದಾನಕ್ಕೆ ಬಿಡುವುದಿಲ್ಲ.

ವಾಟಿ ಬೇಸಿಗೆಯಲ್ಲಿ ಸ್ಕಾಟ್ಲೆಂಡ್ ಪರ ಕ್ರಿಕೆಟ್ ಆಡುತ್ತಿದ್ದ. ಊರಿನವರು ಅದನ್ನು ಹುಟ್ಟಿನಿಂದ ಬಂದ ತೊದಲಿನಂತೆ ಸಹಿಸಿಕೊಂಡಿದ್ದರು. ಹೋದ ಚಳಿಗಾಲ ಒಂದೇ ಒಂದು ಸಲ ದೇಶದ ಪರ ರಗ್ಬಿಯನ್ನೂ ಆಡಿದ್ದ. ಶನಿವಾರ ಇಂಗ್ಲೆಂಡಿನ ಎದುರು ಮತ್ತೆ ಇಳಿಸುತ್ತಾರೋ ಇಲ್ಲವೋ ಎಂದು ಹೇಳಲು ಅದೇ ಸಂಜೆ ಆಯ್ಕೆದಾರರು ಕ್ಲಬ್ಬಿಗೆ ಬರುವವರಿದ್ದರು. ಪಾಪ, ಅವನಿಗೆ ವಾರದಿಂದ ನಿದ್ದೆಯಿರಲಿಲ್ಲ.

ಎದುರುಮನೆಯ ಹಿಸ್ಲಪ್ ಅಜ್ಜಿ ಪರದೆ ಸರಿಸಿ ಎಲ್ಲ ನೋಡಿದ್ದಳು, ಅಪರಿಚಿತನ ಮಾತಿನ ಧಾಟಿಯನ್ನೂ ಕೇಳಿಸಿಕೊಂಡಿದ್ದಳು. ವಾಟಿ ಉಣ್ಣೆ ಗಿರಣಿ ತಲುಪುವ ಮೊದಲೇ ಸುದ್ದಿ ತಲುಪಿತ್ತು.

"ಎಷ್ಟಕ್ಕೆ ಮಾರ್ಕೊಂಡ್ಯೋ?" ಎಂದ ಪಕ್ಕದ ಮಗ್ಗದ ಕ್ರೋಝಿಯರ್.

"ಚಾ ಕುಡ್ದು ಹೋದ ಮಾರಾಯ, ಅಷ್ಟೇ!"

"ಬಿಸ್ಕತ್ತೂ ಕೊಟ್ಯಂತೆ?"

ಬಿಸ್ಕತ್ತು ಕೊಟ್ಟಿದ್ದು ನಿಜವಾದ್ದರಿಂದ ವಾಟಿ ತಡವರಿಸಿದ. ಗಿರಣಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನ ಮಾಂಸದಂಗಡಿಯವನು ಬರೀ ಮೂಳೆ ತೂಗಿ ಕೊಟ್ಟ. ಪಾದ್ರಿಗಳು ಇವನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿದರು. ಮನೆಯಲ್ಲಿ, ಆಗಷ್ಟೇ ಅಕ್ಕನ ಊರಿನಿಂದ ಬಂದಿದ್ದ ಹೆಂಡತಿ ನ್ಯಾನ್ ಪಾತ್ರೆ ಕಟ್ಟುತ್ತಿದ್ದಳು.

"ಯಾರ್ಕ್‌ಶೈರ್‌ನಲ್ಲಿ ಮನೆ ಕೊಡ್ತಾರಂತಲ್ರೀ, ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಯಾರೇ ಹೇಳಿದ್ದು?"

"ಹಿಸ್ಲಪ್ ಅಜ್ಜಿ. ಬಚ್ಚಲೂ ಮನೆಯೊಳಗೇ ಇದ್ಯಂತೆ!"

ಮನೆಯೂ ಇಲ್ಲ, ಬಚ್ಚಲೂ ಇಲ್ಲ ಎಂದು ಒಪ್ಪಿಸುವಷ್ಟರಲ್ಲಿ ಅವಳು ಅತ್ತೇಬಿಟ್ಟಳು.

ಸಂಜೆ ಕ್ಲಬ್ಬಿನ ಅಧ್ಯಕ್ಷರು ಅವನನ್ನು ಆಯ್ಕೆದಾರರ ಮುಂದೆಯೇ ನಿಲ್ಲಿಸಿ ವಿಚಾರಣೆಗೆ ಕೂತರು. ವಾಟಿ ಆಣೆ ಇಟ್ಟ, ಅಂಗಲಾಚಿದ, ಯಾರೂ ನಂಬಲಿಲ್ಲ. ಅಷ್ಟರಲ್ಲಿ ಕ್ರೋಝಿಯರ್, ರೈಲಿಗೆ ಕಾಯುತ್ತಿದ್ದ ಅಪರಿಚಿತನನ್ನೇ ರಟ್ಟೆ ಹಿಡಿದು ಎಳೆದು ತಂದ.

"ಆಟಗಾರರನ್ನ ಕೊಳ್ಳೋಕೆ ಬಂದವ್ರಾ ನೀವು?" ಎಂದರು ಅಧ್ಯಕ್ಷರು.

"ಹೌದು ಸ್ವಾಮಿ."

ಅಧ್ಯಕ್ಷರು ವಾಟಿಯತ್ತ ಬೆರಳು ತೋರಿಸಿದರು.

"ಇವನನ್ನ ಕೊಂಡ್ರಾ?"

ಅಪರಿಚಿತ ವಾಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇವ್ರನ್ನಾ? ಬೇರೆಯವ್ರ ಮನೆ ದಾರಿ ಕೇಳೋಕೆ ಹೋಗಿದ್ದೆ. ಇವ್ರ ಆಟ ಹೋದ ವರ್ಷವೇ ನೋಡಿದೀವಿ. ಪುಕ್ಕಟೆ ಕೊಟ್ರೂ ಬೇಡ ಅಂದಿದಾರೆ ನಮ್ಮ ಯಜಮಾನ್ರು."

ವಾಟಿ ಕುಣಿದುಬಿಟ್ಟ. "ಕೇಳಿದ್ರಾ? ಪುಕ್ಕಟೆನೂ ಬೇಡ್ವಂತೆ! ಇನ್ನೊಂದ್ಸಲ ಹೇಳಿ ಸ್ವಾಮಿ, ಜೋರಾಗಿ!"

ಆತ ಜೋರಾಗಿ ಹೇಳಿದ. ಅಧ್ಯಕ್ಷರು ಕ್ಷಮೆ ಕೇಳಿದರು. ಹಿರಿಯ ಆಯ್ಕೆದಾರರು ಎದ್ದು ಬಂದು ವಾಟಿಯ ಬೆನ್ನು ತಟ್ಟಿದರು.

"ಚಿನ್ನದಂಥ ಮನುಷ್ಯ ಕಣಯ್ಯ ನೀನು," ಎಂದು ಹೇಳಿ, ಪಕ್ಕದವರ ಕಡೆ ತಿರುಗಿ ಕೇಳಿದರು: "ಶನಿವಾರಕ್ಕೆ ಇವನ ಜಾಗದಲ್ಲಿ ಬೇರೆ ಯಾರಿದಾರೆ?"